ತಾಂಡೂರಿನ ಧೂಳಿಗೆ ಸ್ವೀಡನ್ನಿನ ಮಂಜು

ಜಹೀರಾಬಾದ್

ಊರಿನ ಧೂಳನ್ನು ಸ್ಟೀಲ್ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಟೇಪು ಸುತ್ತಿ, ವಿಮಾನದಲ್ಲಿ ಯುರೋಪಿಗೆ ಹೊತ್ತುಕೊಂಡು ಹೋದ ಹೆಂಗಸು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಬೇರೆಯವರು ಚಟ್ನಿಪುಡಿ ಒಯ್ಯುತ್ತಾರೆ, ಉಪ್ಪಿನಕಾಯಿ ಒಯ್ಯುತ್ತಾರೆ. ನಾನೂ ಒಯ್ದೆ. ಆದರೆ ಅವು ಉಪ ಸಾಮಾನು, ಧೂಳೇ ಮುಖ್ಯ ಸಾಮಾನು.

ಧೂಳು ತಾಂಡೂರಿನದು. ನಮ್ಮ ಜಹೀರಾಬಾದಿನಿಂದ ತಾಂಡೂರು ಅಂಥ ದೂರವೇನಲ್ಲ. ನೆಲಕ್ಕೆ ಹಾಸುವ ಬಂಡೆ ಅಲ್ಲಿಂದಲೇ ಬರುತ್ತದೆ. ಬಂಡೆ ಕೊಯ್ಯುವ, ಉಜ್ಜಿ ನುಣುಪು ಮಾಡುವ ಕಾರ್ಖಾನೆಗಳ ಪುಡಿಗೆ ಸಿಮೆಂಟಿನ ಪುಡಿಯೂ ಸೇರಿ ಅಲ್ಲಿ ಬೇವಿನ ಮರ, ಎಮ್ಮೆ, ಚಹಾದಂಗಡಿ ಎಲ್ಲಕ್ಕೂ ಒಂದೇ ಬಣ್ಣ. ವಿದ್ಯುತ್ ಕಂಬಗಳ ಮೇಲಿನ ಇನ್ಸುಲೇಟರುಗಳಿಗೂ ಅದೇ ಬಣ್ಣ. ಇನ್ಸುಲೇಟರ್ ಅಂದರೆ ತಂತಿಗೂ ಕಂಬಕ್ಕೂ ನಡುವೆ ಕೂತು, ಕರೆಂಟು ಕಂಬಕ್ಕೆ ಇಳಿಯದಂತೆ ತಡೆಯುವ ಪಿಂಗಾಣಿ ಗುಂಡು. ಧೂಳು ಒಣಗಿದ್ದರೆ ಅದಕ್ಕೇನೂ ಬಾಧೆಯಿಲ್ಲ. ಚಳಿಗಾಲದ ಬೆಳಗಿನಲ್ಲಿ ಇಬ್ಬನಿಗೆ ಒದ್ದೆಯಾಯಿತೋ, ಕರೆಂಟು ಆ ಕೆಸರಿನ ಮೇಲೆ ದಾರಿ ಹುಡುಕಿಕೊಂಡು ಚರಚರ ಎಂದು ಹರಿದು ಕಡೆಗೆ ಢಂ ಎಂದು ಸಿಡಿಯುತ್ತದೆ. ಲೈನು ಹೋಗುತ್ತದೆ.

ಇದಕ್ಕೆ ನಮ್ಮಲ್ಲಿ ಒಂದೇ ಮದ್ದು. ಲೈನು ಬಂದ್ ಮಾಡಿಸಿ, ಕಂಬ ಹತ್ತಿ, ಒರೆಸುವುದು. ಒರೆಸುವ ಗ್ಯಾಂಗಿನಲ್ಲಿ ನನ್ನ ತಮ್ಮ ಈರಣ್ಣ ಇದ್ದಾನೆ. ಹಿಂದಿನ ಚಳಿಗಾಲದಲ್ಲಿ ಇಬ್ಬನಿಗೆ ನೆನೆದ ಕಬ್ಬಿಣದ ಮೇಲೆ ಕಾಲು ಜಾರಿ, ಸೊಂಟದ ಬೆಲ್ಟಿನಲ್ಲಿ ನೇತಾಡಿದ. ಮನೆಗೆ ಬಂದು ಅದನ್ನೇ ತಮಾಷೆ ಮಾಡಿ ಅವ್ವನಿಗೆ ಹೇಳಿದ.

“ಬಾವ್ಯಾಗಿನ ಕೊಡದಂಗ ತೂಗ್ಯಾಡ್ದೆ ನೋಡವ್ವ. ಕೆಳಗಿಂದ ಒಬ್ಬಾವ ‘ಇಳಿಯೋ ಈರಣ್ಣ, ಜಲ್ದಿ ಇಳಿ’ ಅಂತಾನ. ಹೆಂಗ ಇಳೀಲಿ? ನಾ ಏನ್ ಮಾವಿನಹಣ್ಣೇನು, ಉದುರಾಕ?”

ಎಲ್ಲರೂ ನಕ್ಕೆವು. ನಗು ಮುಗಿದ ಮೇಲೆ ನಾನು ಹಿತ್ತಲಿಗೆ ಹೋಗಿ ಅತ್ತೆ.

ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟರು. ಪಿಂಗಾಣಿಯ ಮೇಲೆ ಹೊದಿಸುವ ಒಂದು ಸಿಲಿಕೋನ್ ರಬ್ಬರಿನ ಹಿಂದೆ ಬಿದ್ದಿದ್ದೆ. ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಎಳೆಗಳನ್ನು ಬೆರೆಸುವುದು. ಪೇಟೆಯ ಭಾಷೆಯಲ್ಲಿ ನ್ಯಾನೋ, ನಮ್ಮ ಮನೆಯ ಭಾಷೆಯಲ್ಲಿ ಮಸಿ. ಇಂಗಾಲ ಕರೆಂಟನ್ನು ಹರಿಯಗೊಡುವ ವಸ್ತು. ಕರೆಂಟು ತಡೆಯಬೇಕಾದ ಕಡೆ ಅದನ್ನೇ ಬೆರೆಸುವುದೆಂದರೆ ಕಳ್ಳನ ಕೈಗೆ ಕೀಲಿಕೈ ಕೊಟ್ಟಂತೆ ಎಂದು ಸಹೋದ್ಯೋಗಿಗಳು ಗೇಲಿ ಮಾಡುತ್ತಿದ್ದರು. ಆದರೆ ಸಾರಿಗೆ ಇಂಗು ಹಾಕುವಂತೆ ಹಾಕಿದರೆ, ಕರೆಂಟಿನ ಒತ್ತಡ ಒಂದೇ ಕಡೆ ಗುಂಪುಗೂಡದೆ ಮೈಮೇಲೆಲ್ಲ ಸಮನಾಗಿ ಹಂಚಿಕೊಳ್ಳುತ್ತದೆ, ಮೈ ಒಂಚೂರು ಬೆಚ್ಚಗಿದ್ದು ಇಬ್ಬನಿ ಕೂರುವುದಿಲ್ಲ. ಇಂಗು ಹೆಚ್ಚಾದರೆ ಸಾರೂ ಕೆಡುತ್ತದೆ, ಇನ್ಸುಲೇಟರೂ ಸುಡುತ್ತದೆ.

ವಿದ್ಯುತ್ ಇಲಾಖೆಯ ಸಾಹೇಬರು ಒಂದು ಮಾತು ಕೊಟ್ಟಿದ್ದರು. “ಫಾರಿನ್ದಾಗ ಟೆಸ್ಟ್ ಆಗಿ ಬರ್ಲಿರಿ ಮೇಡಂ. ಪಾಸ್ ಆತಂದ್ರ ತಾಂಡೂರಿನ ಬಂಡೆ ಕಾರ್ಖಾನಿ ಲೈನಿಗೆ ಇದನ್ನೇ ಹಾಕಸ್ತೀನಿ. ನಿಮ್ಮ ತಮ್ಮ ಅಲ್ಲಿ ಒರಸಾಕ ಹತ್ತೋದೇ ಬ್ಯಾಡ. ಫೇಲ್ ಆತಂದ್ರ ಮತ್ತ ಈ ಮಾತ ತಗೀಬ್ಯಾಡ್ರಿ.”

ಸ್ವೀಡನ್ನಿನ ಒಂದು ಪ್ರಯೋಗಾಲಯ ಪರೀಕ್ಷೆಗೆ ಒಪ್ಪಿತು, ಹೀಗಾಗಿ ಎರಡು ಇನ್ಸುಲೇಟರು ತಯಾರಾದವು. ಒಂದರಲ್ಲಿ ಮಸಿ ಹೆಚ್ಚು, ಒಂದರಲ್ಲಿ ಕಡಿಮೆ. ನನ್ನ ಲೆಕ್ಕಾಚಾರದ ಪ್ರಕಾರ ಗೆಲ್ಲಬೇಕಾದ್ದು ಹೆಚ್ಚು ಮಸಿಯದು. ನಾರಾಯಣಖೇಡದ ಸೋದರಮಾವ ಸ್ವೀಡನ್ನಿನ ಚಳಿಗೆಂದು ಕುರಿ ಉಣ್ಣೆಯ ಕಂಬಳಿ ತಂದುಕೊಟ್ಟು, ನಾನು ಸ್ವಿಜರ್‌ಲ್ಯಾಂಡಿಗೆ ಹೋಗುತ್ತಿರುವುದಾಗಿ ಅಲ್ಲಿ ಎಲ್ಲರಿಗೂ ಹೇಳಿ ಮುಗಿಸಿದ್ದ. ಅಷ್ಟರಲ್ಲಿ ತೆಲಂಗಾಣದ ಹೋರಾಟ ಕಾವೇರಿತು. ಬಸ್ಸಿಲ್ಲ, ರೈಲಿಲ್ಲ, ಬಂದ್ ಮೇಲೆ ಬಂದ್. ಟಿಕೆಟ್ಟನ್ನು ಮುಂದಕ್ಕೆ ಹಾಕಿಸಿದೆ. ಕಟ್ಟಿದ ಪೆಟ್ಟಿಗೆ ದೇವರ ಕೋಣೆಯಲ್ಲಿ ಕೂತೇ ಇತ್ತು.

ಹೆದ್ದಾರಿ

ಹೊಸ ಟಿಕೆಟ್ಟಿನ ದಿನವೂ ಸದಾಶಿವಪೇಟೆಯ ಹತ್ತಿರ ದಾರಿ ಬಂದ್ ಆಗಿತ್ತು. ನಡುರಸ್ತೆಯಲ್ಲೇ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಮುಂಬಯಿಯ ಲಾರಿಗಳು ಸಾಲಾಗಿ ನಿಂತು ಒಗ್ಗರಣೆಯ ವಾಸನೆ ಕುಡಿಯುತ್ತಿದ್ದವು. ರಸ್ತೆಯಲ್ಲೇ ಅಡುಗೆ, ರಸ್ತೆಯಲ್ಲೇ ಊಟ. ಆಗ ಅದು ಹೋರಾಟದ ಒಂದು ಪದ್ಧತಿ. ಕೇಳುವುದು ರಾಜ್ಯ, ಬಡಿಸುವುದು ಬೇಳೆ ಅನ್ನ.

ನನಗೆ ವಿಮಾನದ ಆತಂಕ. ಸೌಟು ಹಿಡಿದಿದ್ದ ದೊಡ್ಡ ಮೀಸೆಯವರ ಹತ್ತಿರ ಹೋಗಿ ಕೈಮುಗಿದೆ. ಅವರು ನನ್ನ ಮುಖಕ್ಕಿಂತ ಪೆಟ್ಟಿಗೆಯನ್ನೇ ನೋಡಿದರು.

“ಏನದರಿ ಅಕ್ಕಾ ಇದ್ರಾಗ?”

“ಕರೆಂಟಿನ ಸಾಮಾನ್ರಿ. ಟೆಸ್ಟ್ ಮಾಡಸ್ಕೊಂಡ್ ಬರಾಕ ಫಾರಿನ್ನಿಗೆ ಹೊಂಟೀನಿ.”

“ಹಂಗಾರ ಕೂಡ್ರಿ, ಎರಡ ತುತ್ತ ಉಂಡು ಹೋಗ್ರಿ. ನಮಗ ರಾಜ್ಯ ಬರೋದ್ರಾಗ ನೀವು ಕರೆಂಟ್ ತಗೊಂಡ್ ಬರ್ರಿ. ಎರಡೂ ಕೂಡೇ ಬರ್ಲಿ.”

ಉಣ್ಣದೆ ಬಿಡುವ ಹಾಗಿರಲಿಲ್ಲ. ಮುತ್ತುಗದ ಎಲೆಯಲ್ಲಿ ಉಂಡೆ, ಅವರೊಂದಿಗೆ ಎರಡು ಸಲ ಜೈ ಎಂದೆ. ಲಾರಿಗಳ ಪಕ್ಕದ ಮಣ್ಣಿನಲ್ಲಿ ನನ್ನ ಟ್ಯಾಕ್ಸಿಗೆ ಅವರೇ ದಾರಿ ಮಾಡಿಕೊಟ್ಟರು. ಆ ಬೇಳೆಯ ರುಚಿ ಮುಂದೆ ಸ್ವೀಡನ್ನಿನಲ್ಲಿ ಬೇಯಿಸಿದ ಆಲೂಗಡ್ಡೆ ತಿನ್ನುವಾಗ ದಿನಾ ನೆನಪಾಗುತ್ತಿತ್ತು.

ವಿಮಾನ ನಿಲ್ದಾಣದಲ್ಲಿ ಧೂಳಿನ ಡಬ್ಬಿ ಸಿಕ್ಕಿಬಿತ್ತು. ಸೆಕ್ಯೂರಿಟಿಯ ಹುಡುಗಿ ಟೇಪು ಬಿಚ್ಚಿ, ಮೂಸಿ, ಜೋರಾಗಿ ಸೀನಿದಳು. ಪ್ರಯೋಗಾಲಯದ ಪತ್ರ ತೋರಿಸಿ ವಿವರಿಸಿದೆ. “ಮೇಡಂ, ಅಲ್ಲಿ ಧೂಳು ಇಲ್ವಾ?” ಎಂದಳು. ಇಲ್ಲ, ಅದಕ್ಕೇ ಒಯ್ಯುತ್ತಿದ್ದೇನೆ ಎಂದೆ. ನನ್ನ ಮೇಲೆ ಅವಳಿಗೆ ಕನಿಕರ ಬಂದಿರಬೇಕು, ಮುಚ್ಚಳ ಹಾಕಿ ಕೊಟ್ಟಳು.

ಸ್ವೀಡನ್, ಬಂದಿಳಿದ ದಿನಗಳು

ಪ್ರಯೋಗಾಲಯವಿದ್ದದ್ದು ಉತ್ತರ ಭಾಗದ ಒಂದು ಸಣ್ಣ ಊರಿನಲ್ಲಿ. ಮಧ್ಯಾಹ್ನ ಉಂಡು ಕೈ ತೊಳೆಯುವಷ್ಟರಲ್ಲಿ ಅಲ್ಲಿ ದೀಪ ಹಚ್ಚುವ ಹೊತ್ತು. ಕಂಬಳಿ ಬಿಚ್ಚಿ ಹೊದ್ದರೆ ಬೆವರು. ಮನೆಯೊಳಗೆಲ್ಲ ನಮ್ಮ ಏಪ್ರಿಲ್ ಕಾಯಿಸಿಟ್ಟಿರುತ್ತಾರೆ. ಕಂಬಳಿಯನ್ನು ಮಡಿಸಿ ಕುರ್ಚಿಗೆ ಹಾಕಿಕೊಂಡು ಕೂತೆ.

ನನ್ನನ್ನು ನೋಡಿಕೊಳ್ಳಬೇಕಾದವರು ಇಂಗ್ರಿಡ್, ಪ್ರಯೋಗಾಲಯದ ಹಿರಿಯ ಎಂಜಿನಿಯರ್. ನಿವೃತ್ತಿಗೆ ಹತ್ತಿರವಾದ, ಕೂದಲು ಕತ್ತರಿಸಿಕೊಂಡ, ಉದ್ದನೆಯ ಹೆಂಗಸು. ಮೊದಲ ದಿನ “ಪರೀಕ್ಷೆ ನಾಳೆಯೇ ಶುರು ಮಾಡಬಹುದೇ?” ಎಂದು ಕೇಳಿದೆ. ಅವರು ಥಟ್ಟನೆ ಉಸಿರು ಒಳಗೆಳೆದುಕೊಂಡರು, ಶುಪ್ ಎಂದು, ಬೆಚ್ಚಿಬಿದ್ದವರ ಹಾಗೆ. ಹಲ್ಲಿ ಬಿತ್ತೇನೋ ಎಂದು ನಾನು ಮೇಲೆ ನೋಡಿದೆ. ಹಲ್ಲಿ ಇಲ್ಲ. ಇನ್ನೊಂದು ಪ್ರಶ್ನೆ ಕೇಳಿದೆ, ಇನ್ನೊಂದು ಶುಪ್. ಪಾಪ, ದಮ್ಮಿನ ಕಾಯಿಲೆ ಎಂದುಕೊಂಡು ನಿಧಾನವಾಗಿ ನಡೆಯತೊಡಗಿದೆ. ಸಂಜೆ ಅಂಗಡಿಯಲ್ಲಿ ಹಾಲು ಇದೆಯೇ ಎಂದರೆ ಅಂಗಡಿಯವನೂ ಶುಪ್. ಆ ಸೀಮೆಯಲ್ಲಿ ‘ಹೌದು’ ಅನ್ನುವುದೇ ಹಾಗಂತೆ! ನಮ್ಮವರು ಕತ್ತು ಅಲ್ಲಾಡಿಸಿದರೆ ಹೌದೋ ಅಲ್ಲವೋ ತಿಳಿಯದು ಎಂದು ಇಂಗ್ರಿಡ್ ದೂರಿದರು. ಲೆಕ್ಕ ಸಮವಾಯಿತು.

ಬಸ್ಸಿನಲ್ಲಿ ಯಾರೂ ಯಾರ ಪಕ್ಕದಲ್ಲೂ ಕೂರುವುದಿಲ್ಲ. ಜಹೀರಾಬಾದಿನ ಆಟೋದಲ್ಲಿ ಚಾಲಕನ ತೊಡೆ ಒಂದು ಬಿಟ್ಟು ಉಳಿದ ಕಡೆಯೆಲ್ಲ ಕೂತು ಬೆಳೆದ ನಾನು, ಅಭ್ಯಾಸಬಲದಿಂದ ಒಬ್ಬ ಅಜ್ಜಿಯ ಪಕ್ಕ ಕೂತೆ. ಬಸ್ಸೆಲ್ಲ ಖಾಲಿಯಿತ್ತು. ಅಜ್ಜಿ ಕೈಚೀಲವನ್ನು ಎದೆಗೆ ಅವುಚಿಕೊಂಡರು. ಬಟ್ಟೆ ಒಗೆಯುವ ಸಾಮೂಹಿಕ ಕೋಣೆಯಲ್ಲಿ ನನ್ನ ಸರದಿಯ ಹೊತ್ತು ಮೀರಿತೆಂದು ಯಾರೋ ನನ್ನ ಬಾಗಿಲಿಗೆ ಚೀಟಿ ಅಂಟಿಸಿದರು, ಕೆಳಗೆ ನಗುವ ಮುಖದ ಚಿತ್ರ ಬರೆದು. ಮೆಟ್ಟಿಲಲ್ಲಿ ಸಿಕ್ಕಾಗ ಎಲ್ಲರೂ ಮುಗುಳ್ನಗುತ್ತಾರೆ, ಅಂಟಿಸಿದವರು ಯಾರೆಂದು ಗೊತ್ತಾಗುವುದಿಲ್ಲ. ನಮ್ಮ ಓಣಿಯ ನಲ್ಲಿಯ ಮುಂದೆ ಕೊಡ ಮೀರಿಸಿದರೆ ಬೈಗುಳ ಅಲ್ಲೇ ಸಿಗುತ್ತದೆ, ಸಂಜೆಗೆ ರಾಜಿಯೂ ಆಗಿರುತ್ತದೆ. ನನಗೆ ಅದೇ ವಾಸಿ.

ಆದರೆ ಒಂದು ಸುಖ. ಅಂಗಡಿಯಲ್ಲಿ ಕಟ್ಟಾಗಿ ಮಾರುವ ಅವರ ಒಣರೊಟ್ಟಿ ನಮ್ಮ ಕಡಕ್ ರೊಟ್ಟಿಯ ಖಾಸಾ ತಂಗಿ. ನಡುವೆ ಒಂದು ತೂತು ಮಾತ್ರ ಜಾಸ್ತಿ. ಹಿಂದೆ ಕೋಲಿಗೆ ಪೋಣಿಸಿ ಸೂರಿಗೆ ತೂಗುಹಾಕುತ್ತಿದ್ದರಂತೆ. ಶೇಂಗಾ ಚಟ್ನಿ ಹಚ್ಚಿ ಇಂಗ್ರಿಡ್‌ಗೆ ಕೊಟ್ಟೆ. ತಿಂದರು, ಕಣ್ಣಲ್ಲಿ ನೀರು ಹಾಕಿದರು, ಇನ್ನೊಂದು ಕೇಳಿದರು.

ನನ್ನ ರಾಜ್ಯ ಯಾವುದೆಂದು ಅವರು ಕೇಳಿದಾಗ, ಸದ್ಯಕ್ಕೆ ಆಂಧ್ರಪ್ರದೇಶ, ವಾಪಸು ಹೋಗುವಾಗ ಏನಿರುತ್ತದೋ ತಿಳಿಯದು ಎಂದೆ. “ನಾರ್ವೆ ಕೂಡ ನಮ್ಮಿಂದ ಬೇರೆಯಾದ ದೇಶ” ಎಂದರು. “ಆಗ ದೊಡ್ಡ ರಂಪ. ಈಗ ನಾರ್ವೆಯವರು ವಾರದ ಕೊನೆಗೆ ಕಾರು ತುಂಬಿಕೊಂಡು ಬಂದು ನಮ್ಮ ಅಂಗಡಿಗಳಲ್ಲಿ ಮಾಂಸ ಕೊಳ್ಳುತ್ತಾರೆ. ನೀವೂ ಹಾಗೇ ಇರುತ್ತೀರಿ, ಬಿಡಿ.”

ಮಂಜಿನ ಕೋಣೆ

ಹೊರಗೆ ಬೇಡವೆಂದರೂ ಬರುವಷ್ಟು ಮಂಜು. ಆದರೂ ಅವರು ಒಳಗೆ ದೊಡ್ಡ ಕೋಣೆ ಕಟ್ಟಿಸಿ, ಯಂತ್ರದಿಂದ ಮಂಜು ಮಾಡುತ್ತಾರೆ. ಅಲ್ಲಿ ಧೂಳು ಹಚ್ಚಿದ ಇನ್ಸುಲೇಟರನ್ನು ನಿಲ್ಲಿಸಿ, ಒತ್ತಡ ಏರಿಸಿ, ಕಿಟಕಿಯಿಂದ ನೋಡುವುದು. ತಡೆದು ನಿಂತರೆ ಪಾಸು.

ಪೆಟ್ಟಿಗೆ ಬಿಚ್ಚಿದೆ. ಎರಡೂ ಇನ್ಸುಲೇಟರುಗಳ ನೆತ್ತಿಯ ಕೆಳಗೆ, ಕಪ್ಪು ರಬ್ಬರಿನ ಮೇಲೆ, ಮೂರು ಮೂರು ಬಿಳಿ ಪಟ್ಟೆ! ನನಗೆ ತಕ್ಷಣ ತಿಳಿಯಿತು. ಅವ್ವ. ಕಪ್ಪಗೆ, ಗುಂಡಗೆ, ನೆಟ್ಟಗೆ ನಿಂತಿದ್ದನ್ನು ದೇವರ ಕೋಣೆಯಲ್ಲಿಟ್ಟರೆ ನಮ್ಮ ಮನೆಯಲ್ಲಿ ಇನ್ನೇನಾಗುತ್ತದೆ? ವಿಭೂತಿ ಧರಿಸದೆ ಯಾರೂ ಹೊಸ್ತಿಲು ದಾಟುವ ಮನೆಯಲ್ಲ ಅದು.

“ಇದು ನಿಮ್ಮ ಕಂಪನಿಯ ಗುರುತೇ?” ಎಂದರು ಇಂಗ್ರಿಡ್.

“ಹೌದು” ಎಂದೆ. “ಬಹಳ ಹಳೆಯ ಕಂಪನಿ.”

ಆದರೆ ಅದು ನಗುವ ವಿಷಯವಾಗಿರಲಿಲ್ಲ. ವಿಭೂತಿಯೆಂದರೆ ಬೂದಿ, ಬೂದಿಯೆಂದರೆ ಉಪ್ಪು. ಇನ್ಸುಲೇಟರಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಹೆಚ್ಚು ಮಸಿಯದನ್ನು ಸೋಪು ಹಾಕಿ ತಿಕ್ಕಿ ತೊಳೆದು ಒಣಗಿಸಿದೆ. ತಾಂಡೂರಿನ ಧೂಳನ್ನು ಕಲಸಿ ಹಚ್ಚಿ, ಆರಿದ ಕೂಡಲೇ ಕೋಣೆಗಿಟ್ಟೆವು. ಮಂಜು ತುಂಬಿತು. ಒತ್ತಡ ಏರಿತು. ಮೊದಲು ನೇರಳೆ ಚುಕ್ಕಿಗಳು, ಆಮೇಲೆ ನನಗೆ ಚಿಕ್ಕಂದಿನಿಂದ ಗೊತ್ತಿರುವ ಅದೇ ಚರಚರ. ರಬ್ಬರಿನಿಂದ ಹೊಗೆ ಎದ್ದಿತು, ಒಂದು ಕೆಂಪು ಗೆರೆ ಮೇಲಿಂದ ಕೆಳಕ್ಕೆ ಹರಿಯಿತು, ಢಂ.

ಇಂಗ್ರಿಡ್ ಸ್ವಿಚ್ ಇಳಿಸಿದರು. ಗೆಲ್ಲಬೇಕಾದದ್ದೇ ಸುಟ್ಟಿತ್ತು. ನಾನು ಕಿಟಕಿಯ ಗಾಜಿಗೆ ಹಣೆ ಹಚ್ಚಿ ನಿಂತೆ. ನನಗೆ ಕಾಣುತ್ತಿದ್ದದ್ದು ಇನ್ಸುಲೇಟರಲ್ಲ, ಕಂಬಕ್ಕೆ ಜೋತುಬಿದ್ದ ಈರಣ್ಣ. ಉಳಿದ ಒಂದರ ಮೇಲೆ ನನಗೆ ಯಾವ ಭರವಸೆಯೂ ಇರಲಿಲ್ಲ.

ಮರುದಿನ ಅದನ್ನೂ ತೊಳೆಯಲು ಸಿಂಕಿನ ಪಕ್ಕ ಇಟ್ಟು, ನಲ್ಲಿ ತಿರುಗಿಸಿದೆ. ನೀರು ಸಿಡಿಯಿತು.

“ತಡೀರಿ!” ಎಂದರು ಇಂಗ್ರಿಡ್, ನನ್ನ ಮುಂಗೈ ಹಿಡಿದು. ಆ ದೇಶದಲ್ಲಿ ಯಾರಾದರೂ ಯಾರನ್ನಾದರೂ ಮುಟ್ಟಿದ್ದನ್ನು ನಾನು ಅದೇ ಮೊದಲು ಕಂಡದ್ದು. “ಪಟ್ಟೆ ನೋಡಿ.”

ಬೂದಿಯ ಮೇಲೆ ಬಿದ್ದ ನೀರು ಇಂಗಿರಲಿಲ್ಲ. ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಮಣಿಯಾಗಿ ನಿಂತಿತ್ತು. ಅವರು ಸೀಸೆಯಿಂದ ಮತ್ತೆ ಸಿಂಪಡಿಸಿದರು. ಮಣಿಗಳು ಉರುಳಿ ಹೋದವು, ವಿಭೂತಿ ಒಣಗಿಯೇ ಇತ್ತು.

ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಸಿಲಿಕೋನ್ ರಬ್ಬರಿಗೆ ಒಂದು ಒಳ್ಳೆಯ ಗುಣವಿದೆ. ಅದರೊಳಗಿನ ತೆಳು ಎಣ್ಣೆ ಮೇಲೆದ್ದು ಬಂದು ಧೂಳಿಗೂ ತಗಲಿ, ಧೂಳು ಕೂಡ ನೀರನ್ನು ಕೊಡವಿಕೊಳ್ಳುತ್ತದೆ. ಮಸಿ ಸೇರಿಸಿದ ಮೇಲೆ ಆ ಗುಣ ಸತ್ತುಹೋಯಿತೆಂದು ನಾನು ಕಾಲೇಜಿನಲ್ಲೇ ತೀರ್ಮಾನಿಸಿದ್ದೆ. ಅಲ್ಲಿ ನಾನು ಮಾಡುತ್ತಿದ್ದದ್ದು ಇಷ್ಟೆ: ಧೂಳು ಹಚ್ಚಿ, ಆರಿದೊಡನೆ ನೀರು ಹಾಕಿ ನೋಡುವುದು. ಗುಣ ಸತ್ತಿರಲಿಲ್ಲ, ನಿಧಾನವಾಗಿತ್ತು. ಬಂದ್ ನಡೆದಷ್ಟು ದಿನವೂ ಅವ್ವನ ವಿಭೂತಿ ರಬ್ಬರಿನ ಮೇಲೆ ಸುಮ್ಮನೆ ಕೂತಿತ್ತು. ಎಣ್ಣೆಗೆ ಮೇಲೇರಿ ಬರಲು ಪುರಸೊತ್ತು ಸಿಕ್ಕಿತ್ತು.

“ತಾಂಡೂರಿನಲ್ಲಿ ಧೂಳು ಬಿದ್ದ ದಿನವೇ ಇಬ್ಬನಿ ಬೀಳುತ್ತದೆಯೇ?” ಎಂದರು ಇಂಗ್ರಿಡ್.

“ಇಲ್ಲ. ದಿನಗಟ್ಟಲೆ ಕೂತಿರುತ್ತದೆ.”

“ಹಾಗಾದರೆ ಇಲ್ಲಿಯೂ ಕೂರಲಿ.”

ಧೂಳು ಕೂತ ದಿನಗಳು

ಹೇಳುವುದು ಸುಲಭ. ಮಂಜಿನ ಕೋಣೆ ಆಮೇಲೆ ಬೇರೆಯವರ ಸರದಿಗೆ ಹೋಗುವುದಿತ್ತು. ಸರದಿ ಬದಲಿಸಬೇಕಾದರೆ ಎಲ್ಲರೂ ಒಪ್ಪಬೇಕು, ಒಪ್ಪಬೇಕಾದರೆ ಸಭೆ ಸೇರಬೇಕು, ಸಭೆಗೆ ಕಾಫಿ ಬೇಕು, ಕಾಫಿಗೆ ದಾಲ್ಚಿನ್ನಿ ಹಾಕಿದ ಬನ್ನು ಬೇಕು. ಎಲ್ಲರೂ ಒಬ್ಬರ ಮಾತು ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಮ್ಮ ಕಾಲೇಜಿನ ಸಭೆಯಲ್ಲಿ ಒಂದೇ ಸಲಕ್ಕೆ ಆರು ಜನ ಮಾತಾಡುತ್ತಾರೆ, ಆದರೆ ಅರ್ಥವಾಗುತ್ತದೆ. ಇಲ್ಲಿನ ಮೌನದಲ್ಲಿ ಏನು ನಡೆಯುತ್ತಿದೆಯೆಂದೇ ತಿಳಿಯದೆ ನಾನು ಮೂರನೆಯ ಬನ್ನು ತಿಂದೆ. ಕಡೆಗೆ ಮೂಲೆಯಲ್ಲಿದ್ದ ಗಡ್ಡದವರು ಶುಪ್ ಎಂದರು. ಪಕ್ಕದವರು ಶುಪ್. ಮೇಜಿನ ಸುತ್ತ ಉಸಿರು ಒಳಗೆಳೆದುಕೊಂಡ ಸದ್ದು. ನನ್ನ ಜೀವನದಲ್ಲಿ ಕೇಳಿದ ಅತಿ ಇಂಪಾದ ಸದ್ದು ಅದು.

ಕಡಿಮೆ ಮಸಿಯದರ ವಿಭೂತಿ ತೊಳೆದು, ತಾಂಡೂರಿನ ಧೂಳು ಹಚ್ಚಿ ಕಪಾಟಿನಲ್ಲಿಟ್ಟೆವು. ನಾನು ಊರು ಸುತ್ತಿದೆ. ಹಿಮದಲ್ಲಿ ಜಾರಿ ಬಿದ್ದೆ. ಎದುರಿಗೆ ಬಂದವರು ಎತ್ತಿ, ಮುಖ ಕೂಡ ತೋರಿಸದೆ ಹೋದರು. ಸಿಹಿಯೆಂದು ಕೊಂಡ ಕಪ್ಪು ಮಿಠಾಯಿಯಲ್ಲಿ ಉಪ್ಪು ತುಂಬಿತ್ತು. ಇಷ್ಟೆಲ್ಲದರ ನಡುವೆ ಒಂದು ಸಲವೂ ಕರೆಂಟು ಹೋಗಲಿಲ್ಲ. ಅದರಿಂದ ಸಂಜೆ ಯಾರೂ ಹೊರಗೆ ಬಂದು ಪಕ್ಕದ ಮನೆಯವರನ್ನು ಮಾತಾಡಿಸುವುದೂ ಇಲ್ಲ ಎಂದು ನನ್ನ ಗುಮಾನಿ.

ಅವ್ವನಿಗೆ ಫೋನು ಮಾಡಿ ಪಟ್ಟೆಯ ವಿಷಯ ಕೇಳಿದೆ.

“ಹಚ್ಚೀನಿ. ಏನೀಗ?” ಎಂದಳು. “ಪೆಟ್ಟಿಗಿ ತಗದ್ ನೋಡಿದ್ರ ಲಿಂಗದಂಗ ಕುಂತಿದ್ವು, ಬೋಳ ಹಣಿಲೆ ಕಳಸ್ಲೇನು?”

“ಚೊಲೋ ಮಾಡಿದಿ” ಎಂದೆ. ಹಿಂದಿನಿಂದ ಈರಣ್ಣನ ದನಿ ಕೇಳಿತು: ಇಬ್ಬನಿ ಶುರುವಾಗಿದೆ, ನಾಳೆಯಿಂದ ಒರೆಸಲು ಹತ್ತಬೇಕು ಅಂತ. ಆ ದಿನ ನನಗೆ ಒಣರೊಟ್ಟಿಯೂ ಸೇರಲಿಲ್ಲ.

ಮತ್ತೆ ಮಂಜಿನ ಕೋಣೆ

ಮಂಜು ಗಾಜಿನವರೆಗೂ ಬಂದು ನಿಂತಿತು. ಇಂಗ್ರಿಡ್ ಒತ್ತಡ ಏರಿಸುತ್ತಾ ಹೋದರು. ಧೂಳಿನ ಮೇಲೆ ನೀರು ಮಣಿಗಟ್ಟಿ ಒಂದೊಂದಾಗಿ ಉದುರಿತು. ಅಂಚಿನಲ್ಲಿ ಒಂದು ನೇರಳೆ ಚುಕ್ಕಿ ಹತ್ತಿತು. ನಾನು ಕಣ್ಣು ಮುಚ್ಚಿದೆ. ಚರಚರ ಕೇಳಲಿಲ್ಲ. ಕಣ್ಣು ಬಿಟ್ಟರೆ ಚುಕ್ಕಿಯೂ ಇರಲಿಲ್ಲ. ಸುಟ್ಟುಹೋದದ್ದು ಯಾವ ಒತ್ತಡಕ್ಕೆ ಸಿಡಿದಿತ್ತೋ ಅದನ್ನು ದಾಟಿ, ತಾಂಡೂರಿನ ಲೈನಿಗೆ ಬೇಕಾದದ್ದನ್ನೂ ದಾಟಿ, ಗೊತ್ತುಪಡಿಸಿದ ಹೊತ್ತು ಮುಗಿಯುವವರೆಗೆ ಅದು ಸುಮ್ಮನೆ ನಿಂತಿತು.

ಇಂಗ್ರಿಡ್ ನನ್ನತ್ತ ತಿರುಗಿ, ಶುಪ್ ಎಂದು ಉಸಿರನ್ನು ಒಳಗೆಳೆದುಕೊಂಡರು. ನಾನು ಅವರನ್ನು ಗಟ್ಟಿಯಾಗಿ ತಬ್ಬಿಕೊಂಡುಬಿಟ್ಟೆ. ಪಾಪ, ಸಹಿಸಿಕೊಂಡರು.

ಈರಣ್ಣನಿಗೆ ಫೋನು ಮಾಡಿದೆ. “ಪಾಸ್ ಆತೋ ಈರಣ್ಣ. ಕಾರ್ಖಾನಿ ಲೈನಿಗೆ ಇನ್ನ ಒರಸಾಕ ಹತ್ತೋದಿಲ್ಲ ನೀ.”

ಅವನು ತಮಾಷೆ ಮಾಡಲಿಲ್ಲ. “ಅಕ್ಕಾ, ಆವತ್ತ ಬೆಲ್ಟಿನ್ಯಾಗ ತೂಗ್ಯಾಡುವಾಗ ನಾ ಭಾಳ ಹೆದರಿದ್ನೆವಾ” ಎಂದ. “ಅವ್ವಗ ಹೇಳಬ್ಯಾಡ.”

ತಾಂಡೂರು

ಸಾಹೇಬರು ಮಾತು ಉಳಿಸಿಕೊಂಡರು. ಮುಂದಿನ ಚಳಿಗಾಲದ ಹೊತ್ತಿಗೆ ಬಂಡೆ ಕಾರ್ಖಾನೆಗಳ ಲೈನಿಗೆ ಬೇಕಾದಷ್ಟು ತಯಾರಾದವು. ಬೇರೆ ಲೈನುಗಳಲ್ಲಿ ಈಗಲೂ ಒರೆಸುತ್ತಾರೆ, ಅದು ಗೊತ್ತು. ಇದೊಂದಕ್ಕಾದರೂ ಆಯಿತಲ್ಲ.

ಆದರೆ ಸ್ವೀಡನ್ನಿನಲ್ಲಿ ಸಂಭ್ರಮಪಡುತ್ತಿದ್ದಾಗ ನಾನು ಯೋಚಿಸದೆ ಇದ್ದ ಸಂಗತಿಯೊಂದಿತ್ತು. ಹೊಸ ಇನ್ಸುಲೇಟರು ತಾನಾಗಿ ಹೋಗಿ ಕಂಬದ ತುದಿಯಲ್ಲಿ ಕೂರುವುದಿಲ್ಲ. ಹಳೆಯದನ್ನು ಬಿಚ್ಚಿ, ಇದನ್ನು ಕೂರಿಸಲು ಯಾರಾದರೂ ಹತ್ತಲೇಬೇಕು.

“ಬ್ಯಾರೆದವ್ರು ಹತ್ಲಿ” ಎಂದೆ.

“ನಮ್ಮಕ್ಕ ತಂದದ್ದು ಬ್ಯಾರೆದವ್ರು ಯಾಕ ಹಚ್ಚಬೇಕು?” ಎಂದು ಈರಣ್ಣ ಬೆಲ್ಟು ಬಿಗಿದ.

ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ. ಲೈನು ಬಂದ್ ಆಗಿದೆಯೆಂದು ಖಾತ್ರಿಪಡಿಸಿಕೊಂಡು ಹತ್ತಿದ. ಒಂದಾದ ಮೇಲೊಂದು ಕಂಬ ಹತ್ತುತ್ತಾ ಇಳಿಯುತ್ತಾ ಹೋದ. ನಾನು ಕೆಳಗೆ ಹಿಂದೆ ಹಿಂದೆ ನಡೆಯುತ್ತಿದ್ದೆ, ಬಿದ್ದರೆ ಹಿಡಿದುಬಿಡುವವಳ ಹಾಗೆ ಕೈ ಚಾಚಿಕೊಂಡು. ಗ್ಯಾಂಗಿನವರು ನೋಡಿ ನಗುತ್ತಿದ್ದರು, ನಗಲಿ. ಒತ್ತಡ, ಮಸಿ, ಎಣ್ಣೆ, ಯಾವುದರ ಲೆಕ್ಕವೂ ಆಗ ನನ್ನ ತಲೆಯಲ್ಲಿರಲಿಲ್ಲ. ಅವನ ಕಾಲು ಎಲ್ಲಿದೆ, ಅಷ್ಟೇ.

ಕಡೆಯ ಕಂಬದಿಂದ ಇಳಿದು ನೆಲಕ್ಕೆ ಕಾಲಿಟ್ಟ ಕೂಡಲೇ ಅವನ ಕೈ ಹಿಡಿದುಕೊಂಡೆ. ಕೈ ತಣ್ಣಗಿತ್ತು, ಮೈಯೆಲ್ಲ ಧೂಳು. ಅವನು ಬೆಲ್ಟು ಬಿಚ್ಚಲು ನೋಡಿದ, ಆಗಲಿಲ್ಲ.

“ಅಕ್ಕಾ, ಕೈ ಬಿಡು” ಎಂದ. “ಇಳದೀನಲ್ಲ.”

ಬಿಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.